ಕರಿ ಗಿಟಾರೋ, ಕೆಂಪು ಗಿಟಾರೋ

ನೋಡಿ, ಮತ್ತೆ ಶುರುವಾಯಿತು. ಇದನ್ನು ಬರೆಯೋಣ ಎಂದು ಈಗಷ್ಟೇ ಕೂತಿದ್ದೇನೆ. ಮೊದಲ ಸಾಲು ಮುಗಿದಿಲ್ಲ, ಹಿಂದಿನ ರೂಮಿನ ಬಾಡಿಗೆಯವರು ಬಂದು ನೀರಿನ ಮೋಟರ್ ಹಾಕಿ ಎಂದರು. ಮೋಟರ್ ಹಾಕಿ ಬಂದರೆ ಮಗಳು ಪೆನ್ಸಿಲ್ ಮೊನೆ ಮುರಿದುಕೊಂಡು ನಿಂತಿದ್ದಾಳೆ. ಅದನ್ನು ಚೂಪು ಮಾಡಿ ಕೊಡುವಷ್ಟರಲ್ಲಿ ಅತ್ತೆ ಅಡುಗೆಮನೆಯಿಂದ, "ಆಲು ಉಕ್ತಾ ಐತೆ" ಎಂದರು. ಒಲೆಯ ಪಕ್ಕದಲ್ಲೇ ನಿಂತಿದ್ದರು. ಉರಿ ಸಣ್ಣ ಮಾಡಲು ಅವರಿಗೂ ಕೈ ಇತ್ತು. ಆದರೆ ನಾನು ಕೂತಿದ್ದೆನಲ್ಲ, ಅದು ಕಣ್ಣಿಗೆ ಬಿತ್ತು.

ನಮ್ಮ ಮನೆಯಲ್ಲಿ ಯಾವಾಗಲೂ ಹೀಗೆಯೇ. ಸೌಟು ಹಿಡಿದು ನಿಂತಾಗ ಒಬ್ಬರೂ ಬರುವುದಿಲ್ಲ. ಗಿಟಾರ್ ಹಿಡಿದರೆ ಮಾದನಾಯಕನಹಳ್ಳಿಗೆ ಮಾದನಾಯಕನಹಳ್ಳಿಯೇ ಕೆಲಸ ಹೊತ್ತುಕೊಂಡು ಬರುತ್ತದೆ.

ಹೌದು, ಗಿಟಾರ್. ಕರೆಂಟಿನದು. ಹತ್ತನೇ ಕ್ಲಾಸಿಗೆ ಓದು ನಿಲ್ಲಿಸಿದವಳು, ಕೈಯಲ್ಲೊಂದು ಮಗು, ಇವಳಿಗೆ ಯಾಕೆ ಈ ರಾಕ್, ಮೆಟಲ್ ಎಂಬ ಅಬ್ಬರದ ಸಂಗೀತ ಎಂದು ಕೇಳುವವರು ಸಾಲಾಗಿ ನಿಲ್ಲಬಹುದು. ಅತ್ತೆ ಎಲ್ಲರಿಗಿಂತ ಮುಂದೆ ನಿಂತಿದ್ದಾರೆ, ಅವರ ಹಿಂದೆ ಬನ್ನಿ.

ಮಗಳು ಹೊಟ್ಟೆಯಲ್ಲಿದ್ದಾಗ ನಾವು ಬಾಡಿಗೆಗೆ ಕೊಡುವ ಆ ಹಿಂದಿನ ರೂಮಿನಲ್ಲಿ ಮಣಿಪುರದ ಹುಡುಗನೊಬ್ಬ ಇದ್ದ. ಪಕ್ಕದ ಗೋಡೌನಿನಲ್ಲಿ ಕೆಲಸ. ಸಂಜೆ ಬಾಗಿಲಲ್ಲಿ ಕೂತು ಬಾರಿಸುತ್ತಿದ್ದ, ನಾನು ಬಟ್ಟೆ ಮಡಿಸುತ್ತಾ ಕೇಳುತ್ತಿದ್ದೆ. ಬರೀ ಕೇಳಿ ಸುಮ್ಮನಿರುವ ಜಾತಿಯಲ್ಲ ನಾನು, ಕಲಿಸು ಎಂದೆ. ಅವನು ಊರಿಗೆ ಹೋಗುವಾಗ ಹಳೇ ಗಿಟಾರನ್ನೂ ಪುಟ್ಟದೊಂದು ಆಂಪ್ಲಿಫೈಯರ್ ಡಬ್ಬಿಯನ್ನೂ ನನಗೇ ಬಿಟ್ಟುಹೋದ. ಆ ಗಿಟಾರಿನ ಕತ್ತು ಬಾಗಿ ಬಿಲ್ಲಿನ ಹಾಗಾಗುವ ತನಕ ಬಾರಿಸಿದೆ. ಒಂದು ವಿಡಿಯೋ ಮಾಡಿ ಹಾಕಿದ್ದನ್ನು ನೋಡಿ ಬ್ರೂಕ್‌ಫೀಲ್ಡ್‌ನ ಒಂದು ಬ್ಯಾಂಡಿನವರು ಫೋನ್ ಮಾಡಿದರು. ಎಲ್ಲರೂ ಕಂಪನಿ ಕೆಲಸದವರು, ಭಾನುವಾರ ಮಾತ್ರ ರಾಕ್ಷಸರು. ಅವರ ಗಿಟಾರಿನವ ಕೆಲಸ ಬದಲಿಸಿ ಪುಣೆಗೆ ಹೋಗಿದ್ದನಂತೆ. "ಬರೋ ಭಾನುವಾರ ಬಂದು ನಮ್ಮ ಜೊತೆ ಒಂದು ಸಲ ಬಾರಿಸಿ ಮೇಡಂ. ಸರಿಹೋದ್ರೆ ಜಾಗ ನಿಮ್ಮದೇ" ಎಂದರು. ಸರಿಹೋಗದಿದ್ದರೆ ನನ್ನ ಹಿಂದೆಯೇ ಇನ್ನೊಬ್ಬನಿಗೆ ಬರಹೇಳಿದ್ದರು. ಬಾಗಿದ ಗಿಟಾರ್ ಹಿಡಿದು ಅಲ್ಲಿಗೆ ಹೋಗುವ ಹಾಗಿರಲಿಲ್ಲ. ಅಷ್ಟರೊಳಗೆ ನನಗೊಂದು ಒಳ್ಳೆಯ ಗಿಟಾರ್ ಬೇಕಿತ್ತು, ಅದು ನನ್ನ ಕೈಗೆ ಒಗ್ಗಬೇಕಿತ್ತು.

ಸಾರ್‌ಗೆ ಹೇಳಿದ್ದು

ಬ್ರೂಕ್‌ಫೀಲ್ಡ್‌ನಲ್ಲಿ ಹಳೇ ಗಿಟಾರ್ ಮಾರುವ ಅಂಗಡಿಯೊಂದಿದೆ. ಕಂಪನಿ ಹುಡುಗರು ಆಸೆಯಿಂದ ಕೊಂಡು, ಮದುವೆ ನಿಶ್ಚಯವಾದ ಮೇಲೆ ಮಾರಿಬಿಡುವ ಗಿಟಾರುಗಳೆಲ್ಲ ಅಲ್ಲಿ ಗೋಡೆಗೆ ನೇತಾಡುತ್ತಿರುತ್ತವೆ. ನಾನು, ನಮ್ಮ ಮನೆಯವರು, ಮಗಳು ಹೋದೆವು.

ಅಂಗಡಿಯವನು ನಮ್ಮ ಮನೆಯವರ ಮುಖ ನೋಡಿ, "ಬನ್ನಿ ಸಾರ್, ಯಾವ ಥರದ್ದು ಬಾರಿಸ್ತೀರಾ?" ಎಂದ.

"ಮೆಟಲ್" ಎಂದೆ ನಾನು. "ತಂತಿ ಸ್ವರ ಕೆಳಗಿಳಿಸಿದ್ರೂ ಜೋಲು ಬೀಳಬಾರದು."

"ಹಾಗಾದ್ರೆ ಸಾರ್, ಈ ಎರಡು ನೋಡಿ" ಎಂದು ಅವರ ಮುಂದೆಯೇ ಇಟ್ಟ.

ಒಂದು ಕರಿದು. ಹೋತದ ಹಾಗೆ ಎರಡು ಚೂಪು ಕೊಂಬು. ತಂತಿಗಳನ್ನು ಹಿಡಿದಿರುವ ಬ್ರಿಡ್ಜು ಸ್ಪ್ರಿಂಗಿನ ಮೇಲೆ ತೇಲುತ್ತಿರುತ್ತದೆ. ಪಕ್ಕದ ಸರಳನ್ನು ಒತ್ತಿದರೆ ಸ್ವರ ಬಾವಿಗೆ ಬಿದ್ದ ಬಿಂದಿಗೆಯ ಹಾಗೆ ಕೆಳಗಿಳಿಯುತ್ತದೆ. ಮೆಟಲ್‌ಗೆ ಹೇಳಿ ಮಾಡಿಸಿದ್ದು. ಇನ್ನೊಂದು ಕೆಂಪು. ರುಬ್ಬುವ ಗುಂಡಿನಷ್ಟು ಭಾರ, ಬ್ರಿಡ್ಜು ಅಲುಗಾಡದೆ ಗಟ್ಟಿ ಕೂತಿದೆ, ದನಿ ದಪ್ಪ. ರಾಕ್‌ಗೂ ಆಯಿತು, ಮೆಟಲ್‌ಗೂ ಆಯಿತು.

"ತಂತಿ ಕೆಳಗಿನ ಪಿಕಪ್ ಬದಲಾಯಿಸಿದ್ದಾರಾ?" ಎಂದು ಸದ್ದು ಹಿಡಿಯುವ ಭಾಗ ತೋರಿಸಿ ಕೇಳಿದೆ.

"ಒರಿಜಿನಲ್ಲೇ ಸಾರ್" ಎಂದ ನಮ್ಮ ಮನೆಯವರಿಗೆ.

"ಒರಿಜಿನಲ್ಲಂತೆ" ಎಂದರು ಇವರು ನನಗೆ. ಮೂವರೂ ಮಾತಾಡುತ್ತಿದ್ದದ್ದು ಕನ್ನಡವೇ. ಆದರೂ ನಡುವೆ ಇವರು ಅನುವಾದಕ್ಕೆ ನಿಂತಿದ್ದರು.

ಇನ್ನು ಮಾತು ದಂಡ ಎಂದುಕೊಂಡು ಕರಿ ಗಿಟಾರನ್ನು ಹೆಗಲಿಗೆ ಹಾಕಿ ಬಾರಿಸಿದೆ. ಕೆಂಪನ್ನೂ ಬಾರಿಸಿದೆ. ಅಂಗಡಿಯಲ್ಲಿದ್ದ ಹುಡುಗರು ಫೋನ್ ಕೆಳಗಿಳಿಸಿ ನೋಡಿದರು. ಅಂಗಡಿಯವನು ಗಲ್ಲಾ ಬಿಟ್ಟು ಬಂದು ನಮ್ಮ ಮನೆಯವರ ಕೈ ಕುಲುಕಿದ.

"ಸಾರ್, ತುಂಬಾ ಚೆನ್ನಾಗಿ ಕಲಿಸಿದ್ದೀರಾ."

ನಮ್ಮ ಮನೆಯವರು ನನ್ನ ಕಡೆ ನೋಡದೆ, "ಅವಳೂ ಸ್ವಲ್ಪ ಕಷ್ಟಪಟ್ಟಳು ಅನ್ನಿ" ಎಂದರು.

ಎರಡೂ ರಿಜೆಕ್ಟ್

ಅಂಗಡಿಯಲ್ಲಿ ನನಗೆ ತೀರ್ಮಾನ ಮಾಡಲಾಗಲಿಲ್ಲ. ಅಂಗಡಿಯವನಿಗೆ ನೆಲಮಂಗಲದಲ್ಲಿ ಅಕ್ಕನ ಮನೆ ಇದೆಯಂತೆ. "ಶನಿವಾರ ಸಂಜೆ ನಿಮ್ಮ ಮನೆ ಮುಂದೇನೇ ಹೋಗ್ತೀನಿ ಸಾರ್. ಎರಡೂ ತಗೊಂಡು ಹೋಗಿ, ಬೇಡದ್ದನ್ನ ಅವತ್ತು ವಾಪಸ್ ಕೊಡಿ" ಎಂದ. ಒಂದು ಗಿಟಾರಿನ ಹಣ ಕಟ್ಟಿ ಎರಡನ್ನೂ ಹೊತ್ತುಕೊಂಡು ಬಂದೆವು.

ನಮ್ಮ ಮನೆಯವರು ಪೀಣ್ಯದ ಒಂದು ಮಷಿನ್ ಶಾಪಿನಲ್ಲಿ ಇನ್‌ಸ್ಪೆಕ್ಟರ್. ತಯಾರಾಗಿ ಬಂದ ಪಾರ್ಟುಗಳನ್ನು ಅಳೆದು ಓಕೆ, ರಿಜೆಕ್ಟ್ ಎನ್ನುವುದೇ ಕೆಲಸ. ಆ ಚಾಳಿ ಮನೆಗೂ ಬರುತ್ತದೆ. ಇಡ್ಲಿಯನ್ನು ಬಾಯಿಗಿಡುವ ಮೊದಲು ತಿರುಗಿಸಿ ನೋಡುತ್ತಾರೆ. "ಯಾವುದು ಒಳ್ಳೇದು ಅಂತ ತಲೆ ಕೆಡಿಸ್ಕೋಬೇಡ, ನಾನು ಹೇಳ್ತೀನಿ" ಎಂದು ಮಾರನೇ ದಿನ ಫ್ಯಾಕ್ಟರಿಯಿಂದ ವರ್ನಿಯರ್ ಕ್ಯಾಲಿಪರ್ ತಂದೇಬಿಟ್ಟರು.

ಗಿಟಾರುಗಳನ್ನು ಮಂಚದ ಮೇಲೆ ಮಲಗಿಸಿದರು. ಆಪರೇಷನ್ ಥಿಯೇಟರ್ ಹೊರಗೆ ನಿಂತ ಹಾಗೆ ನಾನು ಬಾಗಿಲಲ್ಲಿ ನಿಂತೆ. ಕತ್ತು ಅಳೆದರು, ಸೊಂಟ ಅಳೆದರು, ಕೊಂಬು ಅಳೆದರು. ಕೊನೆಗೆ ಕನ್ನಡಕ ತೆಗೆದು, "ಎರಡೂ ರಿಜೆಕ್ಟ್" ಎಂದರು.

"ಯಾಕೆ?"

"ಕರೀದಕ್ಕೆ ಒಂದು ಕೊಂಬು ಉದ್ದ, ಒಂದು ಗಿಡ್ಡ. ಕೆಂಪುದಕ್ಕೆ ಒಂದು ಕಡೆ ಯಾರೋ ಕಚ್ಚಿ ತಿಂದ ಹಾಗಿದೆ. ಎಡಕ್ಕೂ ಬಲಕ್ಕೂ ಮ್ಯಾಚೇ ಆಗ್ತಿಲ್ಲ."

"ಗಿಟಾರ್ ಇರೋದೇ ಹಾಗೆ ಕಣ್ರೀ."

"ಮಾಲು ಕೊಡೋರೆಲ್ಲ ಹೀಗೇ ಹೇಳೋದು."

ನನಗೆ ಎಲ್ಲಿತ್ತೋ ಸಿಟ್ಟು. "ಹೆಣ್ಣು ನೋಡೋಕೆ ಬಂದಾಗ ನಾನೂ ಒಂದು ಕ್ಯಾಲಿಪರ್ ಇಟ್ಕೊಂಡು ನಿಮ್ಮನ್ನ ಅಳೀಬೇಕಾಗಿತ್ತು" ಎಂದೆ.

ಅವರು ಕ್ಯಾಲಿಪರನ್ನು ಒರೆಸಿ ಡಬ್ಬಿಗೆ ಹಾಕುತ್ತಾ, "ಅಳತೆ ನೋಡದೆ ಇಳಿಸಿಕೊಂಡ ಮಾಲನ್ನ ಕಂಪನಿ ವಾಪಸ್ ತಗೊಳಲ್ಲ" ಎಂದರು.

ಮೊದಲ ಅಭಿಮಾನಿ

ಹಿಂದಿನ ರೂಮಿನಲ್ಲಿ ಈಗ ಇರುವವರು ಯಾದಗಿರಿ ಕಡೆಯ ಒಬ್ಬ ಅಣ್ಣ. ಕಬ್ಬಿಣದ ಹಾಳೆಗಳನ್ನು ಒತ್ತುವ ಪ್ರೆಸ್ ಶಾಪಿನಲ್ಲಿ ನೈಟ್ ಶಿಫ್ಟು. ಹಗಲೆಲ್ಲ ನಿದ್ದೆ. ಅತ್ತೆ ಮೊದಲೇ ಎಚ್ಚರಿಸಿದ್ದರು: "ನಿನ್ನ ಸದ್ದಿಗೆ ಅವ್ನೇನಾರಾ ರೂಮ್ ಖಾಲಿ ಮಾಡುದ್ನಾ, ನೋಡ್ಕೋ ಮತ್ತೆ."

ಆದರೆ ನನಗೆ ಸಿಗುವುದೂ ಹಗಲೇ. ಮಗಳು ಅಂಗನವಾಡಿಗೆ, ಅತ್ತೆ ಹುಲ್ಲಿಗೆ ಹೋದ ಮೇಲೆ ಡಬ್ಬಿಯ ದನಿ ಸಣ್ಣಗೆ ಮಾಡಿ ಮೊದಲು ಕರಿದು ಬಾರಿಸಿದೆ, ಆಮೇಲೆ ಕೆಂಪು. ಸಣ್ಣಗೆ ಶುರು ಮಾಡಿದ್ದು ಯಾವಾಗ ದೊಡ್ಡದಾಯಿತೋ ನನಗೂ ಗೊತ್ತಿಲ್ಲ. ಸುಸ್ತಾಗಿ ನಿಲ್ಲಿಸಿದ ತಕ್ಷಣ ಹಿಂದಿನ ಬಾಗಿಲು ಕಿರ್ ಎಂದಿತು. ಅಣ್ಣ ಕೆಂಪು ಕಣ್ಣು ಉಜ್ಜುತ್ತಾ ಬಂದು ನಿಂತರು. ಈ ಮನುಷ್ಯ ಗಂಟು ಕಟ್ಟಿದರೆ ಅತ್ತೆ ಎರಡೂ ಗಿಟಾರನ್ನು ಒಲೆಗೆ ಹಾಕುತ್ತಾರೆ.

"ಅಕ್ಕಾರ, ಒಂದ್ ಮಾತ್ ಕೇಳ್ಲೇನ್ರೀ?"

"ಹೇಳಿ ಅಣ್ಣ. ಇನ್ಮೇಲೆ ಬಾರಿಸಲ್ಲ."

"ಅದನ್ನ ಕೇಳಾಕ ಬಂದೇನ್ರೀ. ಯಾಕ ನಿಲ್ಲಿಸಿದ್ರಿ?"

ನನಗೆ ಅರ್ಥವಾಗಲಿಲ್ಲ.

"ನಾ ಪ್ರೆಸ್ ಶಾಪಿನ್ಯಾಗ ಇರಾಂವ ರೀ. ಧಡ್ ಧಡ್ ಅಂತಿದ್ರ ಎಲ್ಲಾ ಸರಿ ನಡದೈತಿ ಅಂತ ಜೀವಕ್ಕ ಸಮಾಧಾನ. ಸದ್ದು ನಿಂತ್ರ ಮಷಿನ್ ಕೆಟ್ಟಂಗ, ಎಚ್ಚರ ಆಗಿಬಿಡತೈತಿ. ಈಗ ಮಸ್ತ್ ನಿದ್ದಿ ಹತ್ತಿತ್ತು."

ಹೋದ ಜೀವ ಬಂತು. ಬಂದದ್ದೇ ತಡ ಆಸೆಯೂ ಬಂತು. "ಅಣ್ಣ, ಮೊದಲು ಬಾರಿಸಿದ್ದು ಚೆನ್ನಾಗಿತ್ತಾ, ಆಮೇಲಿನದಾ?" ಎಂದು ಕೇಳಿದೆ.

"ಆಮ್ಯಾಲಿಂದು ಗೊತ್ತಿಲ್ರೀ. ಅದು ಶುರು ಆಗೂದ್ರಾಗ ನಾ ಗೊರಕಿ ಹೊಡ್ಯಾಕತ್ತಿದ್ದೆ."

ನನ್ನ ಮೆಟಲ್ ಕೇಳಿ ಜನ ಎದ್ದು ಕುಣಿಯಬೇಕೆಂದು ಕನಸು ಕಂಡಿದ್ದೆ. ಮೊದಲ ಅಭಿಮಾನಿ ಸಿಕ್ಕ, ಮಲಗಲು ಚಾಪೆ ಸಮೇತ.

ಕಿವಿ

ಶುಕ್ರವಾರ ಬ್ಯಾಂಡಿನ ಡ್ರಮ್ಮರ್ ಫೋನ್ ಮಾಡಿದ. ಒಳ್ಳೆಯ ಹುಡುಗ, ಆದರೆ ಮಾತು ಕಡಿಮೆ, ಅದೇ ಹೆದರಿಕೆ. "ಮೇಡಂ, ನಾವು ಕಳಿಸಿದ ಹಾಡಿನ ಆರಂಭ ಫೋನಲ್ಲೇ ಒಂದು ಸಲ ಬಾರಿಸಿ. ಭಾನುವಾರ ಬರೋ ಇನ್ನೊಬ್ಬರೂ ನಿನ್ನೆ ಬಾರಿಸಿ ತೋರಿಸಿದ್ರು" ಎಂದ.

ಎದುರಾಳಿ ಆಗಲೇ ಬಾರಿಸಿದ್ದಾನೆ. ಹತ್ತಿರವಿದ್ದ ಕರಿ ಗಿಟಾರನ್ನು ಎತ್ತಿಕೊಂಡು, ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಒಂದೇಟು ಕೊಟ್ಟೆ. ಬಂದ ಸದ್ದು, ಕುರಿಗಳನ್ನೆಲ್ಲ ಒಟ್ಟಿಗೆ ಲಾರಿಗೆ ನೂಕಿದ ಹಾಗಿತ್ತು.

ಡ್ರಮ್ಮರ್ ತುಂಬಾ ಮರ್ಯಾದೆಯಿಂದ, "ಮೇಡಂ, ಇದು ಹೊಸ ಟ್ಯೂನಿಂಗಾ?" ಎಂದ.

"ಹೂಂ, ಇನ್ನೂ ನೋಡ್ತಾ ಇದೀನಿ" ಎಂದು ಫೋನ್ ಇಟ್ಟೆ.

ತಂತಿ ಬಿಗಿ ಮಾಡುವ ತಿರುಪುಗಳೆಲ್ಲ ಒಂದೊಂದು ದಿಕ್ಕಿಗೆ ತಿರುಗಿದ್ದವು. ತೇಲುವ ಬ್ರಿಡ್ಜಿನ ಗಿಟಾರಿನಲ್ಲಿ ಒಂದು ತಂತಿ ಹಾಳಾದರೆ ಅದು ಉಳಿದವನ್ನೂ ಎಳೆದುಕೊಂಡೇ ಹಾಳಾಗುತ್ತದೆ. ಒಂದನ್ನು ಸರಿಮಾಡಿದರೆ ಇನ್ನೊಂದು ಕೆಡುತ್ತದೆ. ಕೆಂಪುದಕ್ಕೆ ಆ ಕಾಯಿಲೆ ಇಲ್ಲ.

ಮಗಳು ಬಾಗಿಲ ಹಿಂದೆ ನಿಂತಿದ್ದಳು.

"ಯಾರೇ ಮುಟ್ಟಿದ್ದು ಇದನ್ನ?"

"ನಾನು. ಅದು ಬೆಳಿಗ್ಗೆಯಿಂದ ಕಿರುಚ್ತಾನೇ ಇತ್ತು. ಅದಕ್ಕೆ ಕಿವಿ ಹಿಂಡಿದೆ."

"ಯಾರು ಹೇಳಿಕೊಟ್ಟಿದ್ದು ನಿನಗೆ ಇದೆಲ್ಲ?"

"ನೀನೇ ಅಲ್ವಾ, ನಾನು ಕಿರುಚಿದ್ರೆ ಹಿಂಗೇ ಮಾಡೋದು."

ಚಾಪೆ ಮೇಲೆ ಕೂತದ್ದು

ಆವತ್ತೇ ತೀರ್ಮಾನ ಮಾಡಿದೆ. ಕೆಂಪು. ಮಗಳಿರುವ ಮನೆಗೆ ತೇಲುವ ಬ್ರಿಡ್ಜು ಬೇಡ. ಶನಿವಾರ ಪೂರ್ತಿ ಕೆಂಪನ್ನೇ ಬಾರಿಸಿ ಕೈಗೆ ಒಗ್ಗಿಸಿಕೊಂಡೆ. ಸಂಜೆ ಅದನ್ನು ಚೀಲಕ್ಕೆ ಹಾಕಿ ಜಿಪ್ ಎಳೆದು, ಬೆಳಿಗ್ಗೆ ಹೊರಡಲು ತಯಾರಾಗಿ ಬಾಗಿಲ ಬಳಿ ಇಟ್ಟೆ. ಕರಿದನ್ನು ಒರೆಸಿ, ಅಂಗಡಿಯವನು ನೋಡಿ ತೆಗೆದುಕೊಳ್ಳಲಿ ಎಂದು ನಡುಮನೆಯಲ್ಲಿ ಚಾಪೆ ಹಾಸಿ ಗೋಡೆಗೆ ಒರಗಿಸಿದೆ. ಮಗಳನ್ನು ಕರೆದುಕೊಂಡು ಬಿಸ್ಕತ್ತು ತರಲು ಹೋದೆ.

ವಾಪಸ್ ಬಂದಾಗ ಗೇಟಿನಲ್ಲೇ ಊದುಬತ್ತಿಯ ವಾಸನೆ. ಅಂಗಡಿಯವನೂ ಅದೇ ಹೊತ್ತಿಗೆ ಬೈಕ್ ನಿಲ್ಲಿಸಿದ. ಒಳಗೆ ಹೋಗಿ ನೋಡಿದರೆ ಕರಿ ಗಿಟಾರಿನ ಎರಡೂ ಕೊಂಬಿಗೆ ಚೆಂಡು ಹೂವು. ಮೈತುಂಬಾ ಅರಿಶಿನ ಕುಂಕುಮ, ಅದೂ ನೀರಿನಲ್ಲಿ ಕಲಸಿ ಧಾರಾಳವಾಗಿ ಬಳಿದದ್ದು. ಬೆಲ್ಟು ಸಿಕ್ಕಿಸುವ ಗುಂಡಿಗೆ ಕರಿದಾರದಲ್ಲಿ ನಿಂಬೆಹಣ್ಣು. ಮುಂದೆ ಒಡೆದ ತೆಂಗಿನಕಾಯಿ. ಅತ್ತೆ ಆರತಿ ತಟ್ಟೆ ಹಿಡಿದು ನಿಂತಿದ್ದಾರೆ.

"ಅತ್ತೆ, ಏನಿದು?"

"ಪೂಜೆ. ನಮ್ಮನೇಗೆ ಟಿಲ್ಲರ್ ಬಂದಾಗ್ಲೂ ಮಾಡ್ದೆ, ಸ್ಕೂಟ್ರು ಬಂದಾಗ್ಲೂ ಮಾಡ್ದೆ. ಇದೇನ್ ಪಾಪ ಮಾಡೈತೆ? ನಾಳೆ ಅಷ್ಟು ದೂರ ಒತ್ಕೊಂಡೋಗ್ತೀಯ, ಅಂಗೇ ಕಳ್ಸಾಕಾಯ್ತದಾ?"

ನಾನು ಅಂಗಡಿಯವನ ಕಡೆ ತಿರುಗಿ ಮೆಲ್ಲಗೆ, "ಅಣ್ಣ, ನೀವು ವಾಪಸ್ ತಗೊಂಡು ಹೋಗ್ಬೇಕಾಗಿರೋದು ಇದನ್ನೇ" ಎಂದೆ.

ಅವನು ಆಗಲೇ ಚಪ್ಪಲಿ ಬಿಟ್ಟು ಕೈಮುಗಿದಿದ್ದ. "ಇದನ್ನಾ? ಆಗಲ್ಲ ಅಕ್ಕ. ಪೂಜೆ ಮಾಡಿ ಮನೆ ತುಂಬಿಸ್ಕೊಂಡ ಗಾಡೀನ ಯಾರಾದ್ರೂ ಶೋರೂಮ್‌ಗೆ ವಾಪಸ್ ಓಡಿಸ್ತಾರಾ? ನಾನೂ ವ್ಯಾಪಾರ ಮಾಡ್ಕೊಂಡು ಬದುಕಬೇಕು."

"ಒರೆಸಿ ಕೊಡ್ತೀನಿ."

"ಒರೆಸೋದು ಇನ್ನೂ ಕೆಟ್ಟದ್ದು ಅಕ್ಕ."

ಇಡೀ ವಾರದಲ್ಲಿ ಈ ಮನುಷ್ಯ ನನ್ನ ಮುಖ ನೋಡಿ ಮಾತಾಡಿದ್ದು ಇದೇ ಮೊದಲು, ಅದೂ ಆಗಲ್ಲ ಎನ್ನಲು.

ಅಷ್ಟು ಹೊತ್ತಿಗೆ ಅತ್ತೆಗೂ ಸಂಗತಿ ತಿಳಿದಿತ್ತು. "ಬೇಕಾದ್ದು ಚೀಲದಾಗಿತ್ತಾ? ಬೇಕಾದ್ದನ್ನ ಚೀಲಕ್ಕಾಕಿ ಬಾಗ್ಲಲ್ಲಿಟ್ಟು, ಬ್ಯಾಡದ್ದನ್ನ ಚಾಪೆ ಮೇಲೆ ಕೂರಿಸ್ತಾರಾ ಯಾರಾರಾ? ಮನೆ ಬಿಟ್ಟೋಗೋರ್ದಲ್ವಾ ಗಂಟು ಕಟ್ಟೋದು?"

ನಾನು ಒರೆಸುವ ಬಟ್ಟೆ ಎತ್ತಿಕೊಂಡೆ. ಮತ್ತೆ ಕೆಳಗಿಟ್ಟೆ. ಇಷ್ಟು ವರ್ಷ ನಾನು ಗಿಟಾರ್ ಮುಟ್ಟಿದರೆ ಬೇಕೆಂದೇ ಪಾತ್ರೆ ಸದ್ದು ಮಾಡಿದವರು, ಇವತ್ತು ಯಾರೂ ಹೇಳದೆ ದೀಪ ಹಚ್ಚಿದ್ದಾರೆ. ಇದನ್ನು ಈಗ ಒರೆಸಿದರೆ ಇನ್ನೊಂದು ಸಲ ಹಚ್ಚುವುದಿಲ್ಲ. ಒರೆಸದಿದ್ದರೆ ನಾಳೆ ನನ್ನ ಗತಿ ಏನು?

ಅಂಗಡಿಯವನು ಕೆಂಪು ಗಿಟಾರಿನ ಚೀಲ ಹೆಗಲಿಗೇರಿಸಿ ಹೊರಟ. ಬ್ಯಾಂಡಿನ ಜಾಗವೂ ಅದರ ಹಿಂದೆಯೇ ಬೈಕ್ ಹತ್ತಿದ ಹಾಗಾಯಿತು. ನಮ್ಮ ಮನೆಯವರು ಕೆಲಸದಿಂದ ಬಂದವರು ಕರಿ ಗಿಟಾರಿನ ಸುತ್ತ ಒಂದು ಸುತ್ತು ಬಂದು, ಹೂವಿನ ಕೊಂಬುಗಳನ್ನು ಕಣ್ಣಳತೆ ನೋಡಿದರು.

"ಈಗ ಎಡ ಬಲ ಮ್ಯಾಚ್ ಆಗ್ತಿದೆ. ಓಕೆ" ಎಂದರು.

ಗಾಯ

ಭಾನುವಾರ ಮಾದಾವರದಲ್ಲಿ ಮೆಟ್ರೋ ಹತ್ತಬೇಕು. ಚೆಕಿಂಗ್ ಮಾಡುವ ಹೆಂಗಸು ಚೀಲದ ಜಿಪ್ ತೆಗೆದಳು, ಕೊಂಬು ನೋಡಿದಳು, ಕುಂಕುಮ ನೋಡಿದಳು, ನಿಂಬೆಹಣ್ಣು ನೋಡಿದಳು. ಏನೂ ಕೇಳದೆ ಜಿಪ್ ಎಳೆದು, ಕಣ್ಣಿಗೊತ್ತಿಕೊಂಡು ಕಳಿಸಿದಳು.

ಬ್ಯಾಂಡಿನವರ ಅಭ್ಯಾಸದ ರೂಮು ಒಂದು ನೆಲಮಾಳಿಗೆ. ಸದ್ದು ಹೊರಗೆ ಹೋಗದ ಹಾಗೆ ಗೋಡೆಗೆಲ್ಲ ಸ್ಪಂಜು ಅಂಟಿಸಿದ್ದರು. ಗಾಳಿಯೂ ಒಳಗೆ ಬರುವ ಹಾಗಿರಲಿಲ್ಲ. ಮೂಲೆಯ ಕುರ್ಚಿಯಲ್ಲಿ ನನ್ನ ಎದುರಾಳಿ ಕೂತಿದ್ದ. ಮೈಮೇಲೆ ಕರಿ ಬನಿಯನ್, ಕಾಲ ಬಳಿ ಹೊಳೆಯುವ ಗಿಟಾರು. ನನ್ನ ಗಿಟಾರ್ ಹೊರಬಂದಾಗ ಎಲ್ಲರೂ ಹತ್ತಿರ ಬಂದರು. ಹಾಡುವವನು ಡ್ರಮ್ಮರ್ ಕಿವಿಯಲ್ಲಿ, "ಲುಕ್ ಸಕ್ಕತ್ತಾಗಿದೆ ಮಗಾ" ಎಂದದ್ದು ಕೇಳಿಸಿತು.

ಡ್ರಮ್ಮರ್ ಕೋಲು ತಟ್ಟಿದ, ಶುರು ಮಾಡಿದೆವು. ಕೈ ನಿನ್ನೆ ಕೆಂಪಿಗೆ ಒಗ್ಗಿದ್ದು, ಗಿಟಾರು ಒಗ್ಗದ ಕರಿದು. ಅಂಗೈ ಸ್ವಲ್ಪ ಒರಗಿದರೂ ಸ್ವರ ಜಾರುತ್ತಿತ್ತು. ಹಲ್ಲು ಕಚ್ಚಿ ಕೈ ಹಗುರ ಮಾಡಿಕೊಂಡೆ. ಮೈಯೆಲ್ಲ ಬೆವರು, ನಿಂಬೆಹಣ್ಣು ಮೊಣಕಾಲಿಗೆ ಟಪ್ ಟಪ್ ಎಂದು ಬಡಿಯುತ್ತಿದೆ, ಕಣ್ಣು ತಂತಿ ಬಿಟ್ಟು ಏಳುತ್ತಿಲ್ಲ. ಹಾಡಿನ ಕೊನೆಯಲ್ಲಿ ಸರಳು ಒತ್ತಿ ಸ್ವರವನ್ನು ಬಾವಿಗೆ ಇಳಿಸಿ ಬಿಟ್ಟೆ. ಎಲ್ಲ ನಿಂತಿತು.

ತಲೆಯೆತ್ತಿದೆ. ಬ್ಯಾಂಡಿನ ಮೂವರೂ ನನ್ನ ಕೈ ನೋಡುತ್ತಿದ್ದರು. ನಾನೂ ನೋಡಿದೆ. ಅತ್ತೆಯ ಕುಂಕುಮವೆಲ್ಲ ಬೆವರಿನಲ್ಲಿ ಕರಗಿ ಮಣಿಕಟ್ಟಿನಿಂದ ಮೊಣಕೈ ತನಕ ಇಳಿದಿತ್ತು. ಬೆವರು ಒರೆಸಿಕೊಂಡ ಕೆನ್ನೆಯೂ ಕೆಂಪು. ತಂತಿಯ ಕೆಳಗಿಂದ ಹನಿ ಹನಿಯಾಗಿ ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

"ಮೇಡಂ, ಕೈ ಕುಯ್ದು ಹೋಗಿದೆ" ಎಂದ ಹಾಡುವವನು, ಮುಖ ಬಿಳಿಚಿಕೊಂಡು.

"ಇಲ್ಲ, ಇದು—"

"ಮಾತಾಡ್ಬೇಡಿ, ಕೂತ್ಕೊಳ್ಳಿ. ರಕ್ತ ಸುರೀತಾ ಇದ್ರೂ ನಿಲ್ಲಿಸಲಿಲ್ವಲ್ಲ ಇವರು" ಎನ್ನುತ್ತಾ ಒಬ್ಬ ಹತ್ತಿ ತರಲು ಮೆಟ್ಟಿಲು ಹತ್ತಿ ಓಡಿದ. ಮಾತು ಕಡಿಮೆಯ ಡ್ರಮ್ಮರ್ ಎದ್ದು ನಿಂತು, "ಇವರೇ ಗುರು. ಇನ್ಯಾರೂ ಬೇಡ" ಎಂದ. ಮೂಲೆಯಲ್ಲಿದ್ದ ಎದುರಾಳಿ ತನ್ನ ಹೊಳೆಯುವ ಗಿಟಾರನ್ನು ಒಮ್ಮೆ, ನೆಲದ ಮೇಲಿನ ಹನಿಗಳನ್ನು ಒಮ್ಮೆ ನೋಡಿ ಮೆಲ್ಲಗೆ ಜಿಪ್ ಎಳೆದ. "ಇಷ್ಟೆಲ್ಲ ನನ್ನ ಕೈಲಾಗಲ್ಲ ಮಚ್ಚಾ. ಸೋಮವಾರ ಆಫೀಸಿದೆ" ಎಂದು ಹೊರಟೇಹೋದ.

ಹತ್ತಿ ಬಂತು, ನೀರು ಬಂತು. ಒರೆಸಿದರು, ತೊಳೆದರು, ಒಂದೊಂದು ಬೆರಳನ್ನೂ ಬಿಡಿಸಿ ನೋಡಿದರು.

"ಮೇಡಂ, ಗಾಯ ಎಲ್ಲಿ?"

"ಗಾಯ ಇಲ್ಲ. ಮನೇಲಿ ಅತ್ತೆ ಇದ್ದಾರೆ" ಎಂದೆ.

ವಿಷಯ ತಿಳಿದು ಮೂವರೂ ನೆಲದ ಮೇಲೆ ಕೂತು ನಕ್ಕರು. ನಗು ಮುಗಿದ ಮೇಲೂ ಮಾತು ಬದಲಿಸಲಿಲ್ಲ. ಮುಂದಿನ ವಾರ ಬನ್ನಿ, ಡ್ರಮ್ಮಿಗೂ ಒಂದು ನಿಂಬೆಹಣ್ಣು ತನ್ನಿ ಎಂದರು.

ಮನೆಗೆ ಬಂದಾಗ ಅತ್ತೆ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಪಕ್ಕದಲ್ಲಿ ಕೂತು ನಾನೂ ಸುಲಿಯುತ್ತಾ ಎಲ್ಲ ಹೇಳಿದೆ. ಅವರು ನಗಲಿಲ್ಲ. ಒಂದಷ್ಟು ಕಾಯಿ ಸುಲಿದು, ಸಿಪ್ಪೆಯನ್ನು ಹಸುವಿನ ಕಡೆಗೆ ಎಸೆದು, ನನ್ನ ಕಡೆ ತಿರುಗಿದರು.

"ಅಲ್ಲಾ ಕಣೇ, ಅವ್ರು ನಿನ್ನ ಸೇರಿಸ್ಕಂಡಿದ್ದು ನೀ ಬಾರ್ಸಿದ್ದಕ್ಕಾ, ಇಲ್ಲಾ ನಾ ಇಕ್ಕಿದ ಕುಂಕುಮಕ್ಕಾ?"